ಹೊಟ್ಟೆಯ ಮೇಲಿನ ಕೈ

ಫೆಬ್ರವರಿ 3, ಬೆಳಿಗ್ಗೆ

ಮತ್ತೆ ಹೊಟ್ಟೆ ಉಬ್ಬರ. ಶಾಲೆಯ ಅಡುಗೆಮನೆ ಕೆಲಸಕ್ಕೆ ಹೊರಡುವ ಮುಂಚೆ ಅಂಗಾತ ಮಲಗಿ ಕ್ಲಿನಿಕ್ಕಿನ ನರ್ಸ್ ಹೇಳಿಕೊಟ್ಟಂತೆ ಮಾಡಿದೆ. ಹೊಕ್ಕುಳ ಮೇಲೆ ಕೈ. ಮೂಗಿನಿಂದ ಉಸಿರೆಳೆದರೆ ಕೈ ಮೇಲೇಳಬೇಕು. ಆಮೇಲೆ ಬಿಸಿ ಸೂಪು ಆರಿಸುವ ಹಾಗೆ ಬಾಯಿಂದ ಮೆಲ್ಲಗೆ ಬಿಡಬೇಕು. ಸದ್ದು ಮಾಡಿಕೊಂಡು ಸ್ವಲ್ಪ ಗ್ಯಾಸ್ ಹೋಯಿತು. ಏಪ್ರನ್ ದಾರ ಸೊಂಟದ ಸುತ್ತ ಕಟ್ಟಲು ಎಟುಕಿತು.

ನನ್ನ ಗಂಡ ಆರ್ವಿಡ್ ಮೀನಿನ ಗಾಳ ಹಿಡಿದು ಬಾಗಿಲಲ್ಲಿ ನಿಂತಿದ್ದ. "ಟ್ರ್ಯಾಕ್ಟರ್ ಸ್ಟಾರ್ಟ್ ಆಯ್ತು ನೋಡು." ನಗುತ್ತಲೇ ಹೆಪ್ಪುಗಟ್ಟಿದ ಕೆರೆಯ ಮಂಜುಗಡ್ಡೆ ಕೊರೆದು ಮೀನು ಹಿಡಿಯಲು ಹೋದ. ಡಾಕ್ಟರು ಹನ್ನೊಂದನೇ ತಾರೀಕಿಗೆ ಹೊಟ್ಟೆಯ ಸ್ಕ್ಯಾನ್ ಬರೆದುಕೊಟ್ಟಿದ್ದನ್ನು ಅವನಿಗೆ ಹೇಳಿಲ್ಲ.

ಅಮ್ಮನಿಗೂ ಡಾಕ್ಟರು ಮೊದಲು ಬರೀ ಗ್ಯಾಸ್ ಅಂದಿದ್ದರು. ಅಂಡಾಶಯದ ಕ್ಯಾನ್ಸರ್ ಅಂತ ಗೊತ್ತಾಗುವಷ್ಟರಲ್ಲಿ... ಬೇಡ. ಉಸಿರು.

ಫೆಬ್ರವರಿ 4

ತಡೆಯಲಾಗಲಿಲ್ಲ. ಚರ್ಚಿನ ಲವೋನ್‌ಗೆ ಸ್ಕ್ಯಾನಿನ ವಿಷಯ ಹೇಳಿಬಿಟ್ಟೆ. ಯಾರಿಗಾದರೂ ಕಾಯಿಲೆಯಾದರೆ ಪ್ರಾರ್ಥನೆಯ ಫೋನ್ ಸರಪಳಿ ಶುರುವಾಗುವುದೇ ಅವಳಿಂದ — ಅವಳು ಒಬ್ಬಳಿಗೆ, ಆ ಒಬ್ಬಳು ಇನ್ನೊಬ್ಬಳಿಗೆ. ಯಾರಿಗೂ ಹೇಳಬೇಡ ಅಂದೆ.

"ಅಯ್ಯೋ, ಯಾರಿಗೆ ಹೇಳ್ತೀನಿ ಕಣೇ. ದೇವರಿಗೆ ತಾನೆ?"

ಫೆಬ್ರವರಿ 6, ಸಂಜೆ

ಮೇಜಿನ ತುಂಬ ಚರ್ಚಿನ ಹೆಂಗಸರು ಓವನ್ನಿನಲ್ಲಿ ಬೇಯಿಸಿ ಪಾತ್ರೆ ಸಮೇತ ತಂದಿಟ್ಟ ಹಾಟ್‌ಡಿಶ್. ಬೀನ್ಸ್ ಮೇಲೆ ಚೀಸು ಸುರಿದು ಬೇಯಿಸಿದ್ದು, ಎಲೆಕೋಸಿನದು, ಕೆನೆಯದು. ಪ್ರತಿ ಪಾತ್ರೆಯ ತಳಕ್ಕೂ ಹೆಸರು ಬರೆದ ಟೇಪು. ಈ ಊರಲ್ಲಿ ಇಷ್ಟು ಹಾಟ್‌ಡಿಶ್ ಹೋಗುವುದು ಸಾವಿನ ಮನೆಗೆ.

ಸರಪಳಿಯ ಕೊನೆಯವಳು ಆಲ್ಮಾ ಮುದುಕಿ. ಆರ್ವಿಡ್ ಕೈ ಹಿಡಿದು ಕೇಳಿದಳು, "ಇನ್ನೆಷ್ಟು ದಿನ ಅಂದ್ರಂತಪ್ಪ ಡಾಕ್ಟ್ರು?"

ಅವಳನ್ನು ಬಾಗಿಲ ತನಕ ಬಿಟ್ಟು ಬಂದ. ಆಮೇಲೆ — "ನಂಗ್ಯಾಕೆ ಹೇಳ್ಲಿಲ್ಲ ಮಾರ್ಲಿಸ್?"

"ನಗ್ತಾ ಇದ್ದೆ ನೀನು. ಅದನ್ನೂ ನಿಲ್ಲಿಸೋಕೆ ಮನಸ್ಸಾಗ್ಲಿಲ್ಲ."

ಫೆಬ್ರವರಿ 7

ಪಾತ್ರೆ ಖಾಲಿ ಮಾಡದೆ ವಾಪಸು ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ. ಬೀನ್ಸ್ ತಿಂದೆ. ಹೊಟ್ಟೆ ತಮಟೆ. ಇದು ಬೀನ್ಸೋ, ಅದೋ? ಹೇಗೆ ಗೊತ್ತಾಗಬೇಕು?

ಆರ್ವಿಡ್ ಮೀನಿಗೆ ಹೋಗಲಿಲ್ಲ. ಪಕ್ಕದಲ್ಲಿ ಮಲಗಿ ತನ್ನ ಹೊಟ್ಟೆಯ ಮೇಲೂ ಕೈ ಇಟ್ಟುಕೊಂಡ. "ಹೀಗೇನಾ? ನಿಧಾನಕ್ಕೆ ಬಿಡೇ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ." ಮಾತಿನಲ್ಲಿ ತಮಾಷೆ ಇತ್ತು, ದನಿಯಲ್ಲಿ ಇರಲಿಲ್ಲ.

ಫೆಬ್ರವರಿ 12, ಮಧ್ಯಾಹ್ನ

ನಿನ್ನೆ ಸ್ಕ್ಯಾನ್ ಆಯಿತು. ಮಾಡಿದ ಹುಡುಗಿ ಉಸಿರು ಎಳೀರಿ, ಹಿಡೀರಿ, ಬಿಡಿ ಅಂದದ್ದು ಬಿಟ್ಟರೆ ಮಾತಿಲ್ಲ. ಅವಳ ಮುಖ ನೋಡಿದೆ. ಏನೂ ಸಿಗಲಿಲ್ಲ. ಇವತ್ತು ಫೋನ್ ಮಾಡುತ್ತಾರಂತೆ. ಕಾಯುವಾಗ ಕೈಗೊಂದು ಕೆಲಸ ಇರಲಿ ಅಂತ ಬರೆಯುತ್ತಿದ್ದೇನೆ.

ಫೋನ್. ಲವೋನ್ ಇರಬಹುದು.

ಆರ್ವಿಡ್ ನಂಬರ್ ನೋಡಿದ. "ಕ್ಲಿನಿಕ್ಕು. ನೀನೇ ಎತ್ತು." ಅವನ ಕೈ ನನ್ನ ಹೊಟ್ಟೆಯ ಮೇಲೆ.

ಎತ್ತುತ್ತೇನೆ. ಉಸಿರು ಎಳೆದುಕೊಂಡಿದ್ದೇನೆ, ಇದೊಂದನ್ನು ಮೆಲ್ಲಗೆ ಬಿಟ್ಟು —