ಕೂಸಿನ ಮನೆಯಲ್ಲಿ ಮಲಗಿರುವ ಸಾಹೇಬರನ್ನು ಎಬ್ಬಿಸಿ

ಮಾದರಿ ಪಂಚಾಯತಿಗಳ ಅಧ್ಯಯನ ಪ್ರವಾಸ ಕೋಶದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ, ತಾವು ಕಳಿಸಿದ ಅಧಿಕಾರಿಗಳು ನಮ್ಮೂರಿನ ಕೂಸಿನ ಮನೆಯಲ್ಲಿ ಮಲಗಿದ್ದಾರೆ. ನಮ್ಮೂರಿನ ಕೂಸುಗಳು ನನ್ನ ಮಿರ್ಚಿ ಭಜಿ ಅಂಗಡಿಯಲ್ಲಿ ಮಲಗಿವೆ. ಈ ಅದಲುಬದಲನ್ನು ಸರಿಪಡಿಸಿರೆಂದು ಕೇಳಲು ಈ ಪತ್ರ. ಊರಿನ ಹೆಸರನ್ನು ಬೇಕೆಂದೇ ಬರೆದಿಲ್ಲ. ಸಿಂದಗಿ ತಾಲ್ಲೂಕಿನ ಈ ಊರು ತಮಗೆ ಗೊತ್ತೇ ಇದೆ. ಗೊತ್ತಿಲ್ಲದವರು ಓದಿದರೆ ಅವರೂ ಜೀಪು ಹತ್ತಿ ನೋಡಲು ಬಂದಾರು ಎಂಬ ಭಯ ನನಗೆ.

ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳಲು ಪಂಚಾಯತಿಯವರು ತಮ್ಮ ಕಚೇರಿಯ ಹಿಂದಿನ ಕೋಣೆಯನ್ನು ಕೂಸಿನ ಮನೆ ಮಾಡಿದರು. ನೆಲಕ್ಕೆ ಫರಸಿ ಕಲ್ಲು ಹಾಕಿಸಿದರು, ಹೊಸ ಫ್ಯಾನು ತೂಗುಹಾಕಿದರು, ಗೋಡೆಯ ಮೇಲೆ ಮೊಲ, ಆನೆ ಬರೆಸಿದರು. ಕೂಸುಗಳ ಆರೈಕೆಗೆ ಮರೆವ್ವನನ್ನು ನೇಮಿಸಿದರು. ಸುಮಂಗಲಾ ಎಂಬ ತಾಯಿ ತನ್ನ ಮಗಳು ಕೋಮಲಳನ್ನು ಅಲ್ಲಿ ಬಿಟ್ಟು, ಕೆರೆಯ ಹೂಳು ಹೊತ್ತು, ಸಂಜೆ ಬಂದು ನಗುವ ಕೂಸನ್ನು ಎತ್ತಿಕೊಂಡು ಮನೆಗೆ ಹೋಗುತ್ತಿದ್ದಳು. ಸರಕಾರದ ಯೋಜನೆಯೊಂದು ಹೇಳಿದ ಹಾಗೆಯೇ ನಡೆಯುವುದನ್ನು ಕಂಡು ಊರಿಗೆ ಊರೇ ಗಾಬರಿಯಾಗಿತ್ತು. ಅಷ್ಟರಲ್ಲಿ ಸುದ್ದಿ ತಮ್ಮ ಕಿವಿಗೆ ಬಿತ್ತು. ತಾವು ನಮ್ಮ ಕೂಸಿನ ಮನೆಯನ್ನು ‘ಉತ್ತಮ ಆಚರಣೆ’ ಎಂದು ಘೋಷಿಸಿದಿರಿ. ಅಂದಿನಿಂದ ಅದು ನಡೆಯುವುದು ನಿಂತಿತು.

ಮೊದಲು ಇಂಡಿ ತಾಲ್ಲೂಕಿನವರು ನೋಡಲು ಬಂದರು. ಅವರ ಹಿಂದೆಯೇ ಮುದ್ದೇಬಿಹಾಳದವರು, ಬಸವನ ಬಾಗೇವಾಡಿಯವರು, ಕೊನೆಗೆ ನಮ್ಮದೇ ಸಿಂದಗಿಯವರು ಕೂಡ ತಮ್ಮ ತಾಲ್ಲೂಕನ್ನು ತಾವೇ ಅಧ್ಯಯನ ಮಾಡಲು ಬಂದರು. ಇತ್ತ ನಮ್ಮ ಪಂಚಾಯತಿ ಸದಸ್ಯರು ಮುದ್ದೇಬಿಹಾಳ ಕಡೆಯ ಒಂದು ಊರಿಗೆ ಕಸ ವಿಂಗಡಣೆ ನೋಡಲು ಹೋಗಿದ್ದರು. ಅಲ್ಲಿ ಬೀಗ ಹಾಕಿತ್ತಂತೆ. ಅಲ್ಲಿಯವರು ನಮ್ಮ ಕೂಸಿನ ಮನೆ ನೋಡಲು ಬಂದಿದ್ದರು. ಇಂಡಿಯವರಿಗೆ ಇಂಡಿಯಲ್ಲಿ ಕೂಸುಗಳಿಲ್ಲವೇ? ಅವುಗಳಿಗೊಂದು ಕೋಣೆ ಮಾಡಿಕೊಡುವುದಕ್ಕೆ ನಮ್ಮೂರಿನ ಊಟ ಉಣ್ಣಲೇಬೇಕೇ?

ಊಟದ ಮಾತು ಬಂತು. ನಮ್ಮ ಕಡೆ ಮನೆಯಲ್ಲಿ ಒಂದೇ ಒಂದು ಒಳ್ಳೆಯ ಕೋಣೆಯಿದ್ದರೆ ಅದು ಬಂದವರಿಗೆ. ಮನೆಯವರು ಕಟ್ಟೆಯ ಮೇಲೆ ಹೊರಳಾಡುತ್ತಾರೆ, ಬೀಗರಿಗೆ ಫ್ಯಾನಿನ ಕೆಳಗೇ ಹಾಸಿಗೆ. ಊರಿನಲ್ಲಿ ಫರಸಿಯೂ ಇದ್ದು ಫ್ಯಾನೂ ಸದ್ದಿಲ್ಲದೆ ತಿರುಗುವುದು ಕೂಸಿನ ಮನೆಯಲ್ಲಿ ಮಾತ್ರ. ಹೀಗಾಗಿ ತಂಡ ಬಂದ ದಿನ ಕೂಸುಗಳನ್ನು ಹೊರಗೆ ಕಳಿಸಿ ಸಾಹೇಬರನ್ನು ಒಳಗೆ ಕೂರಿಸುವುದು ರೂಢಿಯಾಯಿತು. ಅಧ್ಯಕ್ಷೆ ದಾನೇಶ್ವರಿಯವರನ್ನು ಕೇಳಿದೆ. “ಬಂದ ಮಂದೀನ ಹೊರಗ ಬಿಸಲಾಗ ಕುಂದ್ರಸಾಕ ಆಗ್ತೈತೇನ್ರಿ? ಊರ ಮರ್ಯಾದಿ ಪ್ರಶ್ನೆ ಐತಿ” ಎಂದರು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಡಿಗೆ ಮೊಸರು ಹೊಟ್ಟೆಗಿಳಿದ ಮೇಲೆ ನಮ್ಮ ಜಿಲ್ಲೆಯ ಬಿಸಿಲಿನಲ್ಲಿ ಯಾವ ಅಧಿಕಾರಿ ತಾನೇ ಎಚ್ಚರವಿದ್ದಾನು? ಕೂಸುಗಳ ಚಾಪೆ ಗಿಡ್ಡ. ಸಾಹೇಬರ ಕಾಲು ಹೊಸ್ತಿಲು ದಾಟಿ ಹೊರಗೆ ಚಾಚಿದ್ದವು.

ಮರೆವ್ವ ಬಾಗಿಲಲ್ಲಿ ಕುಳಿತು ನೊಣ ಹೊಡೆಯುತ್ತಿದ್ದಳು. ಎಬ್ಬಿಸು ಎಂದೆ. “ಮಲಗಿದವರನ್ನ ಎಬ್ಬಿಸಬಾರದು ಅಂತ ತರಬೇತಿಯೊಳಗ ಹೇಳ್ಯಾರ್ರಿ. ಕೂಸಾದ್ರೇನು, ಸಾಹೇಬ್ರಾದ್ರೇನು, ಉಂಡ ಮ್ಯಾಲೆ ಎಲ್ಲಾರೂ ಒಂದ ನಮೂನಿ. ನಡಕ ಎಬ್ಬಿಸಿದ್ರ ಕಿರಿಕಿರಿ ಮಾಡ್ತಾರ” ಎಂದಳು. ತಾವು ಕೊಟ್ಟ ತರಬೇತಿ ಇಷ್ಟು ಚೆನ್ನಾಗಿ ಮುಟ್ಟಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಕೂಸುಗಳು ಎಲ್ಲಿಗೆ ಹೋಗಬೇಕು? ಎದುರಿಗೇ ನನ್ನ ಅಂಗಡಿ, ನೆರಳಿದೆ, ಒಂದು ಟೇಬಲ್ ಫ್ಯಾನೂ ಇದೆ. “ಕಾಕಾ, ಕೂಸಿನ ಮನ್ಯಾಗ ಮಂದಿ ಮಲಗ್ಯಾರ. ಇದನ್ನ ಸಂಜೀತನಕ ಸ್ವಲ್ಪ ನೋಡ್ಕೊಳ್ರಿ” ಎಂದು ಸುಮಂಗಲಾ ಮೊದಲು ಬಿಟ್ಟುಹೋದಳು. ಮರುದಿನ ಉಳಿದ ತಾಯಂದಿರೂ ಅದನ್ನೇ ಮಾಡಿದರು. ನಾನು ಮದುವೆಯಾಗದ ಮನುಷ್ಯ, ಜೋಗುಳ ಬಾರದು. ಗಿರಾಕಿಗಳು ಚಹಾ ಬೇಕೆಂದು ಪಿಸುಗುಟ್ಟತೊಡಗಿದರು. ಜಗಳಗಂಟಿ ಕಾಸಿಂಸಾಬ ಕೂಡ ರಾಜಕೀಯ ಬಿಟ್ಟು ಬೆಂಚಿನ ಮೇಲೆ ಕುಳಿತು ತೊಡೆಯ ಮೇಲಿನ ಕೂಸನ್ನು ತೂಗುತ್ತಿದ್ದ. ನಗಬೇಡಿ. ಭಜಿ ಅಂಗಡಿಯಲ್ಲಿ ಬೆಂಕಿ ಇರುತ್ತದೆ.

ಬಾಗೇವಾಡಿಯ ತಂಡ ಎರಡನೆಯ ಸಲ ಬಂದ ದಿನ ಎಣ್ಣೆ ಕಾಯಲು ಇಟ್ಟು ಹಿಟ್ಟು ಕಲಸುತ್ತಿದ್ದೆ. ಕೋಮಲ ಬೆಂಚಿನ ಕೆಳಗಿನಿಂದ ಅಂಬೆಗಾಲಿಟ್ಟು ಬಂದು, ಒಲೆಯ ಸ್ಟ್ಯಾಂಡು ಹಿಡಿದು ಎದ್ದು ನಿಂತಳು. ಆ ಕೂಸು ಹುಟ್ಟಿದ ಮೇಲೆ ತನ್ನ ಕಾಲ ಮೇಲೆ ನಿಂತದ್ದು ಅದೇ ಮೊದಲು. ಬೇರೆ ಕಡೆಯಾಗಿದ್ದರೆ ಚಪ್ಪಾಳೆ ತಟ್ಟಬಹುದಿತ್ತು. ನಾನು ಅವಳನ್ನು ಎಳೆದುಕೊಂಡು ಹಿಂದಕ್ಕೆ ಬಿದ್ದೆ, ಕಡಾಯಿ ವಾಲಿ ಎಣ್ಣೆ ನನ್ನ ಪಾದದ ಮೇಲೆ ಚೆಲ್ಲಿತು. ಕೂಸಿಗೆ ಏನೂ ಆಗಲಿಲ್ಲ. ಆದರೆ ಏನಾಗಬಹುದಿತ್ತು ಎಂಬುದನ್ನು ನೆನೆದು ಆ ದಿನ ಮತ್ತೆ ಒಲೆ ಹಚ್ಚಲಿಲ್ಲ.

ಆ ಗದ್ದಲಕ್ಕೆ ತಮ್ಮ ತಂಡಕ್ಕೆ ಎಚ್ಚರವಾಯಿತು. ಆಕಳಿಸುತ್ತ ರಸ್ತೆ ದಾಟಿ ಬಂದರು. ಬೆಳಗಿನಿಂದ ಫೋಟೊಗೆ ಕೂಸುಗಳೇ ಸಿಗದೆ ಪರದಾಡುತ್ತಿದ್ದವರಿಗೆ ಇಲ್ಲಿ ಎಲ್ಲವೂ ಒಟ್ಟಿಗೆ ಸಿಕ್ಕಿ ಬಹಳ ಸಂತೋಷವಾಯಿತು. ಸುಟ್ಟ ಕಾಲನ್ನು ನೀರಿನ ಬಕೆಟ್ಟಿನಲ್ಲಿಟ್ಟು ಕುಳಿತಿದ್ದ ನನ್ನನ್ನು ಒಬ್ಬರು, “ನಿಮ್ಮಲ್ಲಿ ಏನೇನು ಸೌಲಭ್ಯ ಇವೆ?” ಎಂದು ಕೇಳಿದರು. “ಮಿರ್ಚಿ, ಗಿರಮಿಟ್ಟ, ಚಾ ಅದಾವ್ರಿ” ಎಂದೆ. ‘ಪೂರಕ ಪೌಷ್ಟಿಕ ಆಹಾರ ಲಭ್ಯ’ ಎಂದು ಬರೆದುಕೊಂಡರು.

ಸಂಜೆ ಸುಮಂಗಲಾ ಬಂದು ನನ್ನ ಕಾಲು ನೋಡಿ ಕೂಸನ್ನು ಎತ್ತಿಕೊಂಡಳು. ಆಮೇಲೆ ಹೇಳಿದಳು: “ನೀವ ಇದ್ದಿದ್ದಕ್ಕ ನನ್ನ ಕೂಸು ಉಳೀತ್ರಿ ಕಾಕಾ. ಖರೆ ಇನ್ನ ಇಲ್ಲಿ ಬ್ಯಾಡ. ನಾಳಿಂದ ನನ್ನ ಹಳೇ ಸೀರಿ ಇದರ ನಡಕ್ಕ ಕಟ್ಟಿ, ಕೆರಿ ದಂಡ್ಯಾಗಿನ ಜಾಲಿಗಿಡಕ್ಕ ಬಿಗದು ಮಣ್ಣ ಹೊರತೇನಿ. ಅದೂ ಆಗಲಿಲ್ಲಂದ್ರ ಕೆಲಸಾನ ಬಿಡತೇನಿ. ಬಿಟ್ರ ಮನಿ ಹೆಂಗ ನಡೀತೈತಿ ನನಗೂ ಗೊತ್ತಿಲ್ಲ.” ಹೇಳಿದಂತೆಯೇ ಕೂಸನ್ನು ಸೀರೆಯಿಂದ ಜಾಲಿಗಿಡಕ್ಕೆ ಕಟ್ಟಿ ಮಣ್ಣು ಹೊರುತ್ತಿದ್ದಾಳೆ.

ಇದಾದ ಮೇಲೆ ತಮ್ಮ ಆದೇಶ ಬಂತು. ನನ್ನ ಭಜಿ ಅಂಗಡಿ ‘ಸಮುದಾಯ ಸಹಭಾಗಿತ್ವದ ಉಪಕೇಂದ್ರ’ವಂತೆ. ಮುಂದಿನ ಸೋಮವಾರದಿಂದ ನಾಲ್ಕೂ ತಾಲ್ಲೂಕಿನ ತಂಡಗಳು ನನ್ನನ್ನು ನೋಡಲು ಬರುತ್ತವಂತೆ. ಗೋಡೆಗೆ ಮೊಲದ ಚಿತ್ರ ಬರೆಸಬೇಕು, ಅತಿಥಿಗಳಿಗೆ ಆಸನ ಹಾಕಿಸಬೇಕು, ಮತ್ತು ‘ಭೇಟಿಯ ದಿನ ಸುರಕ್ಷತೆಯ ದೃಷ್ಟಿಯಿಂದ ಮಕ್ಕಳನ್ನು ಅನ್ಯತ್ರ ಸ್ಥಳಾಂತರಿಸತಕ್ಕದ್ದು’. ಅನ್ಯತ್ರ ಎಂದರೆ ಎಲ್ಲಿ, ಮಾನ್ಯರೇ? ನನ್ನ ಪಕ್ಕದಲ್ಲಿ ಪಂಕ್ಚರ್ ಅಂಗಡಿಯಿದೆ. ಕೂಸುಗಳನ್ನು ಅಲ್ಲಿಗೆ ದಾಟಿಸಿದರೆ ಅದನ್ನು ಯಾವಾಗ ಘೋಷಿಸುತ್ತೀರಿ?

ನಾನು ಕೇಳುವುದು ದೊಡ್ಡದೇನಲ್ಲ. ಎರಡೂ ಘೋಷಣೆಗಳನ್ನು ಹಿಂದಕ್ಕೆ ಪಡೆಯಿರಿ. ನಮ್ಮ ಕೂಸಿನ ಮನೆಯನ್ನು ‘ಸಾಧಾರಣ’ ಎಂದು ಬರೆಯಿರಿ. ಬೇಕಾದರೆ ‘ಕಳಪೆ’ ಎಂದೇ ಬರೆಯಿರಿ, ನಮಗೆ ಬೇಸರವಿಲ್ಲ. ಕಳಪೆಯಾಗಿ ನಡೆಯುವುದನ್ನು ನೋಡಲು ನಿಮ್ಮ ಕಡೆಯಿಂದ ಈವರೆಗೆ ಯಾರೂ ಬಂದದ್ದಿಲ್ಲ. ಅಷ್ಟಾಗಿಯೂ ಬರಲೇಬೇಕೆನ್ನುವವರು ನನ್ನ ಬೆಂಚಿನ ಮೇಲೆ ಮಲಗಲಿ. ದೊಡ್ಡವರು ಒಲೆ ಹಿಡಿದು ಎದ್ದು ನಿಲ್ಲಲಾರರು.

ಆದರೆ ಬೇಗ ಮಾಡಿ. ನಿಲ್ಲಲು ಕಲಿತ ಕೋಮಲ ಇನ್ನು ಕೆಲವೇ ದಿನಗಳಲ್ಲಿ ನಡೆಯುತ್ತಾಳೆ. ಅವಳ ಅವ್ವನ ಸೀರೆ ಎಷ್ಟು ಉದ್ದವಿದೆಯೋ ಅಷ್ಟು ದೂರ ನಡೆದು, ಅಲ್ಲಿ ಬೀಳುತ್ತಾಳೆ.

ಇಂತಿ,
ಭಜಿ ಕರಿಯುವುದನ್ನು ಬಿಟ್ಟು ಬೇರಾವ ಉತ್ತಮ ಆಚರಣೆಯೂ ತನಗೆ ಬೇಡವೆನ್ನುವ,
ಕುಂಟುತ್ತಿರುವ ಉಪಕೇಂದ್ರ,
ಮಡಿವಾಳಪ್ಪ