ಚಿಲಕದ ಪಕ್ಕದ ಪದ

ಮನೆಯಿಂದ,
ಹದಿನಾಲ್ಕನೇ ತಾರೀಖು, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದಿನ ಗಿಣಿಗೆ,

ಹೇಗಿದ್ದೀಯಮ್ಮಾ? ಕೆಮ್ಮು ಕಡಿಮೆಯಾಯಿತೇ? ಔಷಧಿ ಸೀಸೆಗಳಿಗೆ ಚೀಟಿ ಅಂಟಿಸುವ ಕೆಲಸದಲ್ಲಿ ದಿನವಿಡೀ ನಿಂತೇ ಇರಬೇಕು ಎಂದು ನೀನು ಬರೆದಿದ್ದೆ. ಮಧ್ಯೆ ಐದು ನಿಮಿಷವಾದರೂ ಕೂತುಕೋ, ಯಾರೂ ಗದರುವುದಿಲ್ಲ. ನಿನ್ನ ಕಾಗದ ಇದ್ದದ್ದೇ ಆರು ಸಾಲು, ಅದರಲ್ಲಿ ಎರಡು ತಪ್ಪು! ತಿದ್ದಲಿಲ್ಲ. ಮೂವತ್ತೆರಡು ವರ್ಷ ಪ್ರೆಸ್ಸಿನಲ್ಲಿ ಕರಡು ತಿದ್ದಿದ ಕೈ ತೆಪ್ಪಗಿರುವುದು ಸುಲಭವಲ್ಲ; ಪೆನ್ಸಿಲನ್ನು ಬೀರುವಿನಲ್ಲಿಟ್ಟು ಬಂದು ಓದಿದೆ. ನಾನು ಚೆನ್ನಾಗಿದ್ದೇನೆ. ಮಂಡಿನೋವು ಇದ್ದದ್ದೇ. ಅಡುಗೆ ಒಂದು ಹದಕ್ಕೆ ಬಂದಿದೆ, ಉಪ್ಪು ಮಾತ್ರ ಇನ್ನೂ ನನ್ನ ಮಾತು ಕೇಳುವುದಿಲ್ಲ.

ಅಡುಗೆಮನೆ ಬಾಗಿಲಿನ ಒಳಬದಿಗೆ ಬೋರ್ಡಿಗೆಂದು ನಾನು ಬಳಿದಿದ್ದ ಕಪ್ಪು ಬಣ್ಣ ಹಾಗೇ ಇದೆ. ನಿನ್ನ ಅಮ್ಮ ಹೋದ ಮೇಲೆ ಈ ನಾಲ್ಕು ತಿಂಗಳು ಅದರ ಮೇಲೆ ಒಂದಕ್ಷರ ಬರೆದಿರಲಿಲ್ಲ. ಯಾರಿಗಾಗಿ ಬರೆಯಲಿ? ಮೊನ್ನೆ ಮನಸ್ಸು ತಡೆಯದೆ ಸೀಮೆಸುಣ್ಣ ಹಿಡಿದೆ. ನೀನು ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಬರೆದ ಹಾಗೆಯೇ ದಿನಕ್ಕೆ ನಾಲ್ಕು: ಒಂದು ಪದ, ಒಂದು ವ್ಯಾಕರಣ, ಒಂದು ಇತಿಹಾಸ, ಒಂದು ಸಾಮಾನ್ಯ ಜ್ಞಾನ. ನೀನು ಹಲ್ಲುಜ್ಜುತ್ತ ಓದಿಕೊಂಡು, ರಾತ್ರಿ ಊಟಕ್ಕೆ ಕೂರುವ ಮುಂಚೆ ಒಪ್ಪಿಸುತ್ತಿದ್ದೆ. ವಿದ್ಯೆಯ ತದ್ಭವ ಬಿಜ್ಜೆ, ಮಳೆಗಾಲ ಆದೇಶ ಸಂಧಿ, ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು ಸಾವಿರದ ಒಂಬೈನೂರ ಅರವತ್ತೊಂಬತ್ತು, ಆಕ್ಟೋಪಸ್ಸಿಗೆ ಮೂರು ಹೃದಯ, ಎಲ್ಲವೂ ಒಂದೇ ಉಸಿರಿಗೆ. ಆ ಕೊನೆಯದನ್ನು ಕೇಳಿ ಅಮ್ಮ ಒಲೆಯ ಮುಂದಿನಿಂದಲೇ, “ಒಂದನ್ನ ಇಟ್ಕೊಂಡೇ ನಂಗೆ ಸಾಕಾಗಿದೆ, ಮೂರಿಟ್ಕೊಂಡು ಅದು ಹೇಗೆ ಬದುಕತ್ತೋ” ಅಂದಿದ್ದಳು, ನೆನಪಿದೆಯಾ? ಆಗ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು. ಅವಳ ಆ ಒಂದೇ ಹೃದಯ ಕೈಕೊಟ್ಟ ಮೇಲೆ ಆ ಮಾತು ನನ್ನ ಕಿವಿ ಬಿಟ್ಟು ಹೋಗಿಲ್ಲ.

ಶಾಲೆಗೆ ಎರಡೇ ವರ್ಷ ಹೋದವಳು ಅವಳು. ಆ ಬಾಗಿಲು ನೋಡಿ ನೋಡಿಯೇ ಓದು ಕಲಿತಳೆಂದು ನಾನು ಸಿಕ್ಕವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದೆ, ನನ್ನದೇ ಹೆಚ್ಚುಗಾರಿಕೆ ಎನ್ನುವ ಹಾಗೆ. ಹೋದ ವಾರ ಮೇಲಿನ ಹಲಗೆಯ ಡಬ್ಬಿಗಳ ಹಿಂದೆ ಅವಳ ನೋಟುಪುಸ್ತಕಗಳು ಸಿಕ್ಕವು. ಹನ್ನೊಂದು ಇವೆ. ಬೋರ್ಡು ಒರೆಸುವ ಮುಂಚೆ ಪ್ರತಿದಿನವೂ, ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡಿಕೊಂಡಿದ್ದಾಳೆ. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನಗೆ ಗೊತ್ತೇ ಇರಲಿಲ್ಲ.

ಈಗ ಸಿಟ್ಟು ಮಾಡಿಕೊಳ್ಳದೆ ಓದು. ಒಳಗೆ ಒಂದು ಅರ್ಜಿ ಇಟ್ಟಿದ್ದೇನೆ. ಗ್ರಂಥಾಲಯದ ಸಹಾಯಕಿ ಹುದ್ದೆಗೆ ಮತ್ತೆ ಪರೀಕ್ಷೆ ಕರೆದಿದ್ದಾರೆ. ವಯಸ್ಸಿನ ಮಿತಿ ಎರಡೆರಡು ಸಲ ನೋಡಿದೆ, ನಿನಗೆ ಇದೇ ಕೊನೆಯ ಅವಕಾಶ. ಆರು ವರ್ಷದ ಹಿಂದೆ ಒಂದೇ ಒಂದು ಅಂಕದಲ್ಲಿ ಕೈತಪ್ಪಿತು. ಮನುಷ್ಯನಿಗೆ ಪಕ್ಕೆಲುಬು ಎಷ್ಟು ಎಂಬ ಪ್ರಶ್ನೆಗೆ ನೀನು ಹನ್ನೆರಡು ಎಂದು ಬರೆದು ಬಂದಿದ್ದೆ. ಫಲಿತಾಂಶದ ದಿನ, “ಅಪ್ಪಾ, ಬೋರ್ಡಲ್ಲಿ ಎಷ್ಟು ಅಂತ ಬರ್ದಿದ್ದೆ?” ಎಂದು ಕೇಳಿದೆ. “ಹನ್ನೆರಡು ಜೊತೆ ಅಂತ ಬರ್ದಿದ್ನಲ್ಲ, ಒಟ್ಟು ಇಪ್ಪತ್ನಾಲ್ಕು” ಅಂದೆ ನಾನು. “ಹಾಗಾದ್ರೆ ನನ್ನ ತಲೇನೇ ಸರಿ ಇಲ್ಲ ಬಿಡಪ್ಪಾ” ಎಂದು ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಅವತ್ತಿನಿಂದ ನೀನು ಒಂದು ಪುಟ ಓದಿಲ್ಲ. ಅಮ್ಮ ಹೋದಾಗ ಬಂದವಳು ಇದ್ದ ಮೂರು ದಿನವೂ ಆ ಬಾಗಿಲಿಗೆ ಬೆನ್ನು ಹಾಕಿಯೇ ಕೂತಿದ್ದೆ. ನೋಡಿಯೂ ನೋಡದ ಹಾಗಿದ್ದೆ ನಾನು. ಅರ್ಜಿ ಇಪ್ಪತ್ತೆಂಟರೊಳಗೆ ಸೇರಬೇಕು. ಎಲ್ಲ ತುಂಬಿದ್ದೇನೆ, ನಿನ್ನ ಸಹಿಯೊಂದೇ ಬಾಕಿ.

ಬಿಸಿನೀರು ಕುಡಿ. ಪಕ್ಕದ ಮನೆಯ ಟೈಲರ್ ಅಜ್ಜಿ ನಿನ್ನನ್ನು ಕೇಳಿದರು ಎಂದು ಬರೆಯಲು ಹೇಳಿದ್ದಾರೆ. ನೀನು ಎಲ್ಲಿದ್ದರೂ ನಗುನಗುತ್ತಾ ಇರಬೇಕು, ನನ್ನ ಆಶೀರ್ವಾದವೆಲ್ಲ ಅಷ್ಟೇ.

ನಿನ್ನ,
ಅಪ್ಪ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಬೋರ್ಡಿನಲ್ಲಿ “ಜೊತೆ” ಇರಲಿಲ್ಲ, ಮಗಳೇ. ಚಿಲಕದ ಪಕ್ಕ ಜಾಗ ಸಾಲಲಿಲ್ಲ. ಬಾಯಲ್ಲಿ ಹೇಳೋಣ ಅಂದುಕೊಂಡವನು ಮರೆತೆ. ನೀನು ಕೇಳಿದ ಕ್ಷಣವೇ ನನಗೆ ನೆನಪಾಗಿತ್ತು. ಗೊತ್ತಿದ್ದೂ ಸುಳ್ಳು ಹೇಳಿದೆ. ಕಂಡವರ ತಪ್ಪನ್ನೆಲ್ಲ ಹೆಕ್ಕಿದವನಿಗೆ ತನ್ನದನ್ನು ಒಪ್ಪಿಕೊಳ್ಳಲು ನಾಲಿಗೆ ಏಳಲಿಲ್ಲ. ಅಳಿಸಿಹೋದದ್ದನ್ನು ಇನ್ಯಾರು ನೋಡುತ್ತಾರೆ ಅಂದುಕೊಂಡೆ. ಅಮ್ಮನ ಏಳನೇ ಪುಸ್ತಕ ಇದರಲ್ಲೇ ಇಟ್ಟು ಕಳಿಸುತ್ತಿದ್ದೇನೆ, ಅವಳೇ ಮಡಿಸಿಟ್ಟ ಪುಟ ತೆಗೆದು ನೋಡು. “ಎದೆಯಲ್ಲಿ ಹನ್ನೆರಡು ಪಕ್ಕೆಲುಬು” ಎಂದು ಅವಳ ಗುಂಡಗಿನ ಅಕ್ಷರದಲ್ಲಿದೆ. ಆಮೇಲೆ ಯಾವಾಗಲೋ, ನನ್ನ ಕೆಂಪು ಪೆನ್ಸಿಲಿನಲ್ಲಿ, ಪದ ಬಿಟ್ಟುಹೋದ ಕಡೆ ನಾನು ಕರಡಿನಲ್ಲಿ ಹಾಕುವ ಗುರುತನ್ನೇ ಹಾಕಿ, ಮೇಲೆ “ಜೊತೆ” ಎಂದು ಬರೆದಿದ್ದಾಳೆ. ಅವಳಿಗೆ ಗೊತ್ತಿತ್ತು. ಒಂದು ದಿನವೂ ಬಾಯಿ ಬಿಡಲಿಲ್ಲ. ನಾನೇ ಹೇಳಲಿ ಎಂದು ಕಾದಳೇನೋ. ಅವಳ ಪಾಲಿಗೆ ತಡವಾಯಿತು. ನಿನ್ನ ತಲೆ ಸರಿಯಾಗಿಯೇ ಇದೆ, ನಾನು ಬರೆದದ್ದನ್ನೇ ನೀನು ತಪ್ಪದೆ ಬರೆದು ಬಂದೆ. ನನ್ನನ್ನು ಕ್ಷಮಿಸದಿದ್ದರೂ ಸರಿ, ಅರ್ಜಿಗೆ ಸಹಿ ಹಾಕು.