ಬಾಣಂತಿಗೆ ಮಾಡಿಸಿದ ಬಚ್ಚಲು

ಉಗಾರ ಬುದ್ರುಕ
೧೪ ಡಿಸೆಂಬರ್ ೨೦೨೫

ನೀಲಮ, ಮಗಳೇ,

ಹೇಗಿದ್ದೀಯ? ಕೂಸು ರಾತ್ರಿ ಮಲಗಗೊಡುತ್ತದೆಯೇ? ಹಾಲು ಸಾಲುತ್ತದೆಯೇ ಕೇಳಿ ಎಂದು ನಿನ್ನ ಅವ್ವ ಬೆನ್ನ ಹಿಂದೆಯೇ ನಿಂತಿದ್ದಾಳೆ. ಸೊಂಟ ಬಿಗಿಯಾಗಿ ಕಟ್ಟಿಕೊ, ಕಿವಿಗೆ ಹತ್ತಿ ಇಟ್ಟುಕೊ ಎಂಬುದೂ ಅವಳ ಮಾತೇ. ಇಷ್ಟನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಕಾಗವಾಡದ ನಿನ್ನ ಮನೆಯಲ್ಲಿ ಫೋನು ಬಂದರೆ ಸ್ಪೀಕರ್ ಹಾಕಿ ಎಲ್ಲರೂ ಕೇಳುತ್ತಾರೆ, ನನಗೆ ಹೇಳಬೇಕಾಗಿರುವುದು ಬಚ್ಚಲಿನ ವಿಷಯ. ಬರೆದರೆ ಸಂಕೋಚ ಕಡಿಮೆ.

ಕೂಸನ್ನು ತೊಟ್ಟಿಲಿಗೆ ಹಾಕಿದ ದಿನ ನಿನ್ನ ಅತ್ತೆ ಎಲ್ಲರೆದುರು ಕೇಳಿದ್ದು ನೆನಪಿದೆಯಲ್ಲ: "ಬಾಣಂತಿನ್ನ ಆ ಡಬ್ಬ್ಯಾಗ ತುಂಬತೀರೇನ್ರಿ ಬೀಗ್ರ? ಎರಿಯಾಕ ಜಾಗಾ ಎಲ್ಲೈತಿ?" ನೀನು ತೊಟ್ಟಿಲ ಕಡೆ ಮುಖ ಮಾಡಿ, "ನಾ ಅವ್ವನ ಕೈಲೇ ಎರಿಸ್ಕೊಳ್ಳಾಕಿ," ಅಂದೆ. ಅದನ್ನು ಕೇಳಿಯೇ ಈ ಗುರುವಾರ ನಿನ್ನನ್ನು ಇಲ್ಲಿಗೆ ಕರೆತರುತ್ತೇನೆಂದು ಮಾತು ಕೊಟ್ಟೆ.

ಅವರು ಕೇಳಿದ್ದು ಸುಳ್ಳಲ್ಲ, ಅದೇ ಸಿಟ್ಟು. ೨೦೦೫ರ ಮಹಾಪೂರ ನಮ್ಮ ಕಟ್ಟೆ ಮುಟ್ಟಿ ಹಿಂದಿರುಗಿತ್ತು, ೨೦೧೯ರದು ಮನೆಯನ್ನೇ ಕೆಡವಿತು. ಹಿಂಬದಿಯ ಒಂದು ಗೋಡೆ ನಿಂತಿತ್ತೆಂದು ಸಮೀಕ್ಷೆಗೆ ಬಂದವರು "ಭಾಗಶಃ ಹಾನಿ" ಎಂದು ಬರೆದುಕೊಂಡು ಹೋದರು. ಆ ಗೋಡೆಗೆ ಒರಗಿಕೊಂಡು ಸಂಸಾರ ಮಾಡಬೇಕಿತ್ತೇನೋ! ಯಾವುದೋ ಸಂಸ್ಥೆಯವರು ಎರಡು ತಿಂಗಳ ಮಟ್ಟಿಗೆಂದು ಈ ಗಾಲಿಯ ಮೇಲಿನ ತಗಡಿನ ಮನೆ ಕೊಟ್ಟರು. ಆರು ವರ್ಷವಾಯಿತು, ಇಲ್ಲೇ ಇದ್ದೇವೆ, ನಿನ್ನನ್ನು ಮದುವೆ ಮಾಡಿ ಕಳಿಸಿದ್ದೂ ಈ ಮನೆಯಿಂದಲೇ. ಸಂವಿಧಾನ ಓದಿದ್ದೇನೆ, ಮಾಹಿತಿ ಹಕ್ಕಿನ ಕಾಯ್ದೆ ಓದಿದ್ದೇನೆ, ಪರಿಹಾರಕ್ಕೆಂದು ಚಿಕ್ಕೋಡಿಯ ಕಚೇರಿಗೆ ಅಲೆದು ಚಪ್ಪಲಿ ಸವೆಸಿದ್ದೇನೆ. "ನಿಮ್ಮ ಓದು ಅರ್ಜಿ ಬರಿಯಾಕಷ್ಟ ಬಂತು ನೋಡ್ರಿ," ಎಂದು ನಿನ್ನ ಅವ್ವ ಚುಚ್ಚುತ್ತಾಳೆ.

ಈ ಬಚ್ಚಲನ್ನು ಕಟ್ಟಿದವರು ನಿಂತು ಮೀಯುವ ಜನ. ಒಬ್ಬರೇ ನಿಲ್ಲಬೇಕು, ಮೊಣಕೈ ಮಡಿಸಬಾರದು. ನಮ್ಮ ಬಾಣಂತಿ ಸ್ನಾನಕ್ಕೆ ಇಬ್ಬರು ಬೇಕು, ಕೂರುವವಳೊಬ್ಬಳು, ಎರೆಯುವವಳೊಬ್ಬಳು. ವೆಲ್ಡಿಂಗ್ ಮಾಡುವ ಸಮಾಧಾನನನ್ನು ಕರೆಸಿದೆ. ಬಾಗಿಲು ತೆಗೆದವನೇ, "ಕಾಕಾ, ಇದು ಬಚ್ಚಲ ಅಲ್ರಿ, ಕಪಾಟ ಐತಿ. ಕಾಕೂನ್ನ ಇಸ್ತ್ರಿ ಮಾಡಿ ತೂಗ ಹಾಕೂದಷ್ಟ ಬಾಕಿ," ಅಂದ. ನಿನ್ನ ಅವ್ವ ಸೌಟು ಹಿಡಿದೇ ಅವನ ಬೆನ್ನು ಹತ್ತಿದಳು. ಅವನು ಪಕ್ಕದ ಬಟ್ಟೆ ಕಪಾಟಿನ ತಗಡು ಕತ್ತರಿಸಿ ಜಾಗ ಅಗಲ ಮಾಡಿದ. ಕೈತೊಳೆಯುವ ಬೇಸಿನ್ ಕಿತ್ತು ಹಾಕಿದ. ಏಳುವಾಗ ಹಿಡಿಯಲು ಗೋಡೆಗೊಂದು ಪೈಪು, ಕಾಲು ಜಾರದಂತೆ ಎಮ್ಮೆಗಳ ಕೆಳಗೆ ಹಾಸುವ ರಬ್ಬರು, ಕೂರಲು ಅಗಲವಾದ ಮಣೆ, ಕೊಳವೆಯ ತುದಿಗೆ ಕೈಯಲ್ಲಿ ಹಿಡಿದು ಎರೆಯುವ ಷವರು. ಕಟ್ಟಿಗೆ ಒಲೆ ಹೂಡಲು ಜಾಗವಿಲ್ಲದ್ದಕ್ಕೆ ಒಳಗೇ ಗ್ಯಾಸ್ ಗೀಸರ್ ಹಾಕಿಸಿದೆ, ಕೈ ಸುಡುವಂಥ ನೀರು ಬರುತ್ತದೆ.

ಈಗ ನದಿಯ ಕಡೆಯಿಂದ ಎಂಥ ಥಂಡಿ ಗೊತ್ತಲ್ಲ. ಬಾಣಂತಿಗೆ ಗಾಳಿ ಬಡಿಯಬಾರದೆಂದು ಮೇಲಿನ ಗಾಳಿಕಿಂಡಿಗೆ ಥರ್ಮಾಕೋಲ್ ತುಂಬಿ, ಬಾಗಿಲ ಅಂಚಿಗೆಲ್ಲ ರಬ್ಬರ್ ಪಟ್ಟಿ ಅಂಟಿಸಿದ್ದೇನೆ. ಒಳಗೆ ಊದುಬತ್ತಿ ಹಚ್ಚಿಟ್ಟು ನೋಡಿದೆ, ಹೊಗೆ ನೆಟ್ಟಗೆ ಏರುತ್ತದೆ, ಅಲುಗುವುದಿಲ್ಲ. ನಾಳೆ ನಿನ್ನ ಅವ್ವ ತಾನೇ ಮೊದಲು ಮಿಂದು ನೋಡುತ್ತಾಳಂತೆ.

ವಿಶ್ವಾಸ ಅಳಿಯಂದಿರಿಗೂ ನಿನ್ನ ಅತ್ತೆ ಮಾವಂದಿರಿಗೂ ನಮಸ್ಕಾರ ತಿಳಿಸು. ಕೂಸಿನ ನೆತ್ತಿಗೆ ಎಣ್ಣೆ ಹಚ್ಚುವಾಗ ನಮ್ಮಿಬ್ಬರ ಹೆಸರಿನಲ್ಲೂ ಒಂದೊಂದು ಹನಿ ಹಾಕು. ಸುಖವಾಗಿರು.

ನಿನ್ನ ಅಪ್ಪ,
ಗುರಪ್ಪ

ತಾ.ಕ.: ಸೋಮವಾರ, ಮಿರಜ ಆಸ್ಪತ್ರೆಯ ವರಾಂಡದಿಂದ. ಗುರುವಾರ ಬರಬೇಡ. ಇಂದು ಬೆಳಿಗ್ಗೆ ನಿನ್ನ ಅವ್ವ ಒಳಗೆ ಹೋದಳು. ಬಹಳ ಹೊತ್ತು ನೀರಿನ ಸದ್ದಷ್ಟೇ ಕೇಳುತ್ತಿತ್ತು. ಕರೆದರೆ ಓ ಅನ್ನಲಿಲ್ಲ. ಬಾಗಿಲು ಒದ್ದು ತೆಗೆದಾಗ ಗೋಡೆಗೆ ಒರಗಿ ಕುಸಿದಿದ್ದಳು. ಸಮಾಧಾನ ತನ್ನ ಟೆಂಪೋದಲ್ಲಿ ಇಲ್ಲಿಗೆ ತಂದ. "ಗೀಸರ್ ಒಳಗ ಹಾಕೀರಿ, ಗಾಳಿ ಎಲ್ಲಿಂದ ಬರಬೇಕ್ರಿ?" ಎಂದು ಡಾಕ್ಟರು ಕೇಳಿದರು. ಉರಿ ಒಳಗಿನ ಗಾಳಿ ತಿಂದು ವಿಷ ಬಿಟ್ಟಿದೆಯಂತೆ. ಗುರುವಾರವಾಗಿದ್ದರೆ ಒಳಗೆ ನೀನು, ಕೂಸು, ಅವ್ವ ಮೂವರೂ ಇರುತ್ತಿದ್ದಿರಿ. ಈಗ ಮೂಗಿಗೆ ಆಕ್ಸಿಜನ್ ಹಾಕಿದ್ದಾರೆ. ಮಾತಾಡುತ್ತಾಳೆ, ಆದರೆ ಕೈ ಎತ್ತಲು ಹೋದರೆ ನಡುಗುತ್ತದೆ. ಎಂದಿಗೆ ಸರಿಹೋದೀತು ಎಂದು ಡಾಕ್ಟರು ಹೇಳುತ್ತಿಲ್ಲ. "ನೀಲವ್ವಗ ಹೇಳಬ್ಯಾಡ್ರಿ, ಹಾಲ ಬತ್ತತಾವ," ಎಂದು ಆಣೆ ಮಾಡಿಸಿಕೊಂಡಿದ್ದಾಳೆ. ಕಾರಣ ಹೇಳದಿದ್ದರೆ ನೀನು ಹೊರಟು ಬರುತ್ತೀಯ. ಅದಕ್ಕೇ ಇದನ್ನು ಸಮಾಧಾನನ ಕೈಯಲ್ಲಿ ಕಳಿಸಿದ್ದೇನೆ. ಓದಿದ ಮೇಲೆ ಕೂಸನ್ನು ಎದೆಗೆ ಹಾಕಿಕೊ. ಅತ್ತೆ ಎರೆಯಲು ಕರೆದರೆ ಹಟ ಮಾಡದೆ ಹೋಗಿ ಕೂತುಕೊ.